ಮುಕ್ತ ಬ್ಯಾಂಕು ಪದ್ಧತಿಯೂ ಕನ್ನಡ ನಾಡಿನ ಬ್ಯಾಂಕುಗಳೂ

೧. ಪೀಠಿಕೆ

ಬ್ಯಾಂಕಿನ ಭಂಡಾರದಲ್ಲಿ ಎರಡು ಬಗೆಯ ಸಂಪತ್ತು ಇರುವುದು. ಒಂದು, ಜನರು ಇಟ್ಟ ಹಣ. ಇನ್ನೊಂದು, ಆ ಹಣವು ಯಾವಾಗ ಬಂದಿತು, ಯಾರಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದರ ಲೆಕ್ಕ. ಇಟ್ಟವನು ಕೇಳಿದಾಗ ಹಣವನ್ನು ಹಿಂದಿರುಗಿಸತಕ್ಕದ್ದೆಂಬ ವಿಷಯದಲ್ಲಿ ಎಂದೂ ವಿವಾದವಿದ್ದಿಲ್ಲ. ಲೆಕ್ಕವು ಯಾರಿಗೆ ಸೇರಿದುದು ಎಂಬ ಪ್ರಶ್ನೆಯನ್ನಾದರೋ ಬಹುಕಾಲ ಯಾರೂ ಕೇಳಲಿಲ್ಲ. ಲೆಕ್ಕದ ಪುಸ್ತಕವು ಬ್ಯಾಂಕಿನ ಮೇಜಿನ ಮೇಲೆ ಇದ್ದುದರಿಂದ ಅದು ಬ್ಯಾಂಕಿನದೇ ಎಂದು ಬ್ಯಾಂಕಿನವರೂ ಭಾವಿಸಿದರು, ಗಿರಾಕಿಗಳೂ ಭಾವಿಸಿದರು. ಈ ಭಾವನೆಯನ್ನು ಅಲುಗಾಡಿಸಿದುದೇ ಕಳೆದ ಒಂದು ದಶಕದಲ್ಲಿ ಹಲವು ದೇಶಗಳಲ್ಲಿ ಆಚರಣೆಗೆ ಬಂದ ಮುಕ್ತ ಬ್ಯಾಂಕು ಪದ್ಧತಿ. ತನ್ನ ಖಾತೆಯ ಲೆಕ್ಕವನ್ನು ತಾನು ಹೆಸರಿಸಿದ ಬೇರೊಂದು ಸಂಸ್ಥೆಗೆ ತಲುಪಿಸಬೇಕೆಂದು ಖಾತೆದಾರನು ಆಜ್ಞಾಪಿಸಬಹುದು, ಬ್ಯಾಂಕು ಅದನ್ನು ಯಂತ್ರಮುಖವಾಗಿ ಕೂಡಲೆ ತಲುಪಿಸಬೇಕು ಎಂಬುದು ಇದರ ತಿರುಳು. ಕೆಲವು ದೇಶಗಳಲ್ಲಿ ಲೆಕ್ಕವನ್ನು ತೋರಿಸುವುದಷ್ಟೇ ಅಲ್ಲದೆ, ಖಾತೆಯಿಂದ ಹಣ ಪಾವತಿ ಮಾಡಿಸುವ ಅಧಿಕಾರವನ್ನೂ ಖಾತೆದಾರನು ಹೀಗೆ ಬೇರೆಯವರಿಗೆ ವಹಿಸಿಕೊಡಬಹುದು.

‘ಮುಕ್ತ’ ಎಂಬ ವಿಶೇಷಣವು ಇಲ್ಲಿ ತುಸು ದಾರಿ ತಪ್ಪಿಸುವಂತಹದು. ಧರ್ಮಛತ್ರದ ಬಾಗಿಲಿನಂತೆ ಲೆಕ್ಕವು ಬಂದವರಿಗೆಲ್ಲ ತೆರೆದಿರುವುದೆಂದು ಇದರ ಅರ್ಥವಲ್ಲ. ಬಾಗಿಲಿಗೆ ಬೀಗವು ಮೊದಲಿನಂತೆಯೇ ಉಂಟು. ಕೀಲಿಕೈ ಮಾತ್ರ ಬ್ಯಾಂಕಿನ ಗುಮಾಸ್ತನ ಸೊಂಟದಿಂದ ಖಾತೆದಾರನ ಕೈಗೆ ಬಂದಿದೆ. ಹೀಗೆ ಕೈ ಬದಲಾದುದರಿಂದ ಬ್ಯಾಂಕುಗಳ ಮುಂದೆ ಯಾವ ಯಾವ ಆಯ್ಕೆಗಳು ನಿಂತಿವೆ, ಕನ್ನಡ ನಾಡಿನ ಅನುಭವವು ಅವುಗಳ ಮೇಲೆ ಯಾವ ಬೆಳಕನ್ನು ಚೆಲ್ಲುತ್ತದೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಕಡತವೂ ಗುಟ್ಟೂ

ಇಂದು ಕಚೇರಿಯ ಕಾಗದಗಳ ಕಟ್ಟಿಗೆ ‘ಕಡತ’ ಎಂಬ ಹೆಸರು ರೂಢಿಯಾಗಿದೆ. ಹಿಂದೆ ಈ ಮಾತು ಬೇರೊಂದು ವಸ್ತುವನ್ನು ಸೂಚಿಸುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಚಿರಪರಿಚಿತವಾದುವು. ಪೇಟೆಯ ವರ್ತಕರೂ ತಮ್ಮ ಕೊಡುವ ಕೊಳ್ಳುವ ಲೆಕ್ಕವನ್ನು ಇಂತಹ ಕಡತಗಳಲ್ಲಿ ಇಡುತ್ತಿದ್ದರು. ಶೆಟ್ಟಿಯ ಕಡತವನ್ನು ಶೆಟ್ಟಿಯಲ್ಲದೆ ಬೇರೆಯವರು ಬಿಚ್ಚುವಂತಿರಲಿಲ್ಲ. ಯಾರು ಮಾತಿಗೆ ತಪ್ಪದವರು, ಯಾರಿಗೆ ಬೆಳೆ ಬಂದ ಮೇಲೆ ಕೊಡುವ ಚೈತನ್ಯವುಂಟು ಎಂಬ ಅರಿವು ಆ ಮಡಿಕೆಗಳಲ್ಲಿ ಅಡಗಿತ್ತು. ಸಾಲ ಕೊಡುವವನ ನಿಜವಾದ ಬಂಡವಾಳವು ಅದೇ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹುಟ್ಟಿದ ಬ್ಯಾಂಕುಗಳು ಈ ಅರಿವಿಗೆ ಒಂದು ಸಂಸ್ಥೆಯ ರೂಪವನ್ನು ಕೊಟ್ಟುವು. ೧೯೦೬ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ, ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದ ಸಂಸ್ಥೆಯೂ, ೧೯೨೪ರಲ್ಲಿ ಮಂಗಳೂರಿನ ಕರ್ಣಾಟಕ ಬ್ಯಾಂಕೂ, ೧೯೨೫ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯೂ, ೧೯೩೧ರಲ್ಲಿ ವಿಜಯಾ ಬ್ಯಾಂಕೂ ಸ್ಥಾಪಿತವಾದುವು. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ೧೯೧೩ರ ಅಕ್ಟೋಬರ್ ೨ರಂದು ಮೈಸೂರು ಬ್ಯಾಂಕು ಹುಟ್ಟಿತು. ಸಿಂಡಿಕೇಟ್ ಬ್ಯಾಂಕಿನವರು ೧೯೨೮ರಲ್ಲಿ ಪ್ರಾರಂಭಿಸಿದ ಪಿಗ್ಮಿ ಠೇವಣಿಯು ಇಲ್ಲಿ ವಿಶೇಷವಾಗಿ ಸ್ಮರಣೀಯವಾದುದು. ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೂ ಅಂಗಡಿಯ ಮುಂಗಟ್ಟಿಗೂ ಹೋಗಿ ದಿನದಿನದ ಚಿಲ್ಲರೆಯನ್ನು ಶೇಖರಿಸುತ್ತಿದ್ದನು. ಅವನು ತಂದುದು ಕೇವಲ ಆಣೆ ಕಾಸುಗಳನ್ನಲ್ಲ; ಆ ಕುಟುಂಬದ ದುಡಿಮೆಯ ಏರಿಳಿತದ ಪರಿಚಯವನ್ನೂ ತಂದನು.

ಈ ಪರಿಚಯವನ್ನು ಗುಟ್ಟಾಗಿ ಇಡುವುದು ಬ್ಯಾಂಕಿನ ಧರ್ಮವೆಂದು ನ್ಯಾಯಸ್ಥಾನಗಳೂ ಒಪ್ಪಿದುವು. ಇಂಗ್ಲೆಂಡಿನಲ್ಲಿ ಟೂರ್ನಿಯರ್ ಎಂಬ ಗಿರಾಕಿಯ ವ್ಯವಹಾರವನ್ನು ಬ್ಯಾಂಕಿನ ವ್ಯವಸ್ಥಾಪಕನು ಅವನ ಧಣಿಗಳಿಗೆ ತಿಳಿಸಲು, ಅವನು ಉದ್ಯೋಗವನ್ನು ಕಳೆದುಕೊಂಡನು. ೧೯೨೪ರ ನ್ಯಾಯವರದಿಗಳಲ್ಲಿ ಪ್ರಕಟವಾದ ಈ ಮೊಕದ್ದಮೆಯ ತೀರ್ಪು ಬ್ಯಾಂಕಿನ ಗೌಪ್ಯಧರ್ಮಕ್ಕೆ ಆಧಾರವಚನವಾಗಿ ನಿಂತಿದೆ. ಗುಟ್ಟನ್ನು ಬಿಡಬಹುದಾದ ಸಂದರ್ಭಗಳು ನಾಲ್ಕೇ ಎಂದು ಅದು ನಿರ್ಣಯಿಸಿತು: ಕಾನೂನಿನ ಒತ್ತಾಯ, ಸಾರ್ವಜನಿಕರ ಹಿತ, ಬ್ಯಾಂಕಿನ ಸ್ವಂತ ಹಕ್ಕಿನ ರಕ್ಷಣೆ, ಗಿರಾಕಿಯ ಸಮ್ಮತಿ. ಭಾರತದಲ್ಲಿಯೂ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ ೧೯೭೦ರ ಶಾಸನವು ನಿಷ್ಠೆಯನ್ನೂ ಗೌಪ್ಯವನ್ನೂ ಬ್ಯಾಂಕುಗಳ ಕರ್ತವ್ಯವನ್ನಾಗಿ ವಿಧಿಸಿತು. ಮುಕ್ತ ಬ್ಯಾಂಕು ಪದ್ಧತಿಯು ಈ ಹಳೆಯ ಧರ್ಮವನ್ನು ಅಳಿಸಿ ಬಂದುದೆಂದು ತಿಳಿಯುವುದು ಸರಿಯಲ್ಲ. ಮೇಲೆ ಹೇಳಿದ ನಾಲ್ಕನೆಯ ಅಪವಾದವನ್ನೇ, ಅಂದರೆ ಸಮ್ಮತಿಯನ್ನೇ, ಅದು ತನ್ನ ಅಸ್ತಿವಾರವನ್ನಾಗಿ ಮಾಡಿಕೊಂಡಿದೆ. ಹಿಂದೆ ಅಪರೂಪವಾಗಿದ್ದ ಅಪವಾದವು ಈಗ ದಿನನಿತ್ಯದ ವಿಧಿಯಾಗಿದೆ.

೩. ಪದ್ಧತಿಯ ಉದಯವೂ ಸ್ವರೂಪವೂ

ಈ ಪದ್ಧತಿಯು ಮೊದಲು ಕಾನೂನಿನ ಬಲದಿಂದ ರೂಢಿಗೆ ಬಂದುದು ಯೂರೋಪಿನಲ್ಲಿ. ಯೂರೋಪಿಯನ್ ಒಕ್ಕೂಟವು ೨೦೧೫ರಲ್ಲಿ ಅಂಗೀಕರಿಸಿದ ಪಾವತಿ ಸೇವೆಗಳ ಎರಡನೆಯ ನಿರ್ದೇಶವು ೨೦೧೮ರ ಜನವರಿ ೧೩ರಿಂದ ಅನ್ವಯವಾಯಿತು. ಬ್ರಿಟನ್ನಿನಲ್ಲಿ ಸ್ಪರ್ಧಾ ಪ್ರಾಧಿಕಾರವು ೨೦೧೬ರಲ್ಲಿ ವಿಚಾರಣೆ ನಡೆಸಿ, ದೊಡ್ಡ ಬ್ಯಾಂಕುಗಳು ಗಿರಾಕಿಗಳಿಗಾಗಿ ಸಾಕಷ್ಟು ಪೈಪೋಟಿ ಮಾಡುತ್ತಿಲ್ಲವೆಂದು ಕಂಡುಕೊಂಡು, ಒಂಬತ್ತು ಬ್ಯಾಂಕುಗಳಿಗೆ ಲೆಕ್ಕದ ಬಾಗಿಲನ್ನು ತೆರೆಯುವಂತೆ ಆಜ್ಞೆ ಮಾಡಿತು. ಆಸ್ಟ್ರೇಲಿಯವು ೨೦೨೦ರಲ್ಲಿ ಇದೇ ಹಾದಿಯನ್ನು ಹಿಡಿಯಿತು.

ಭಾರತವು ಇದೇ ಗುರಿಗೆ ಬೇರೊಂದು ದಾರಿಯಿಂದ ಹೊರಟಿತು. ಲೆಕ್ಕ ಕೊಡುವವನಿಗೂ ಲೆಕ್ಕ ಪಡೆಯುವವನಿಗೂ ನಡುವೆ ಮೂರನೆಯವನೊಬ್ಬನನ್ನು ನಿಲ್ಲಿಸಿದುದು ಇಲ್ಲಿನ ವೈಶಿಷ್ಟ್ಯ. ಇವನ ಹೆಸರು ‘ಅಕೌಂಟ್ ಅಗ್ರಿಗೇಟರ್’. ಕನ್ನಡದಲ್ಲಿ ಲೆಕ್ಕದ ಮಧ್ಯವರ್ತಿ ಎನ್ನಬಹುದು. ರಿಸರ್ವ್ ಬ್ಯಾಂಕು ೨೦೧೬ರ ಸೆಪ್ಟೆಂಬರ್ ೨ರಂದು ಇದಕ್ಕೆ ಕಟ್ಟಳೆಗಳನ್ನು ಹೊರಡಿಸಿತು. ಸರಿಯಾಗಿ ಐದು ವರ್ಷಗಳ ತರುವಾಯ, ೨೦೨೧ರ ಸೆಪ್ಟೆಂಬರ್ ೨ರಂದು, ಎಂಟು ಬ್ಯಾಂಕುಗಳೊಡನೆ ಈ ವ್ಯವಸ್ಥೆಯು ಸಾರ್ವಜನಿಕವಾಗಿ ಪ್ರಾರಂಭವಾಯಿತು. ಮಧ್ಯವರ್ತಿಯು ರಿಸರ್ವ್ ಬ್ಯಾಂಕಿನಿಂದ ಪರವಾನಗಿ ಪಡೆದಿರಬೇಕು. ಅವನು ಒಯ್ಯುವ ಲಕೋಟೆಯೊಳಗೆ ಏನಿದೆ ಎಂಬುದನ್ನು ಅವನೇ ಓದಲಾರನು, ಏಕೆಂದರೆ ಅದು ಗುಪ್ತಲಿಪಿಯಲ್ಲಿರುವುದು. ಅದನ್ನು ತನ್ನಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಖಾತೆದಾರನು ಕೊಡುವ ಸಮ್ಮತಿಪತ್ರದಲ್ಲಿ ಯಾವ ಲೆಕ್ಕ, ಯಾವ ಅವಧಿಯದು, ಯಾವ ಉದ್ದೇಶಕ್ಕೆ, ಎಷ್ಟು ಸಲ, ಎಷ್ಟು ಕಾಲದವರೆಗೆ ಎಂಬ ಅಂಶಗಳು ನಮೂದಾಗಿರಬೇಕು. ಕೊಟ್ಟ ಸಮ್ಮತಿಯನ್ನು ಹಿಂದೆಗೆದುಕೊಳ್ಳುವ ಹಕ್ಕೂ ಅವನಿಗುಂಟು. ೨೦೨೨ರ ನವೆಂಬರ್‌ನಲ್ಲಿ ಸರಕು ಮತ್ತು ಸೇವಾ ತೆರಿಗೆಯ ಜಾಲವನ್ನೂ ಲೆಕ್ಕ ಕೊಡುವವರ ಪಟ್ಟಿಗೆ ಸೇರಿಸಿದುದರಿಂದ, ಸಣ್ಣ ವರ್ತಕರ ವ್ಯಾಪಾರದ ಲೆಕ್ಕವೂ ಈ ದಾರಿಯಲ್ಲಿ ಹರಿಯುವಂತಾಯಿತು.

ಇದರ ಪ್ರಯೋಜನವನ್ನು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಮೈಸೂರಿನ ದಕ್ಷಿಣ ಭಾಗದಲ್ಲಿ ಶೃಂಗೇರಿಯ ವಿದ್ಯಾರಣ್ಯರ ಹೆಸರನ್ನು ಹೊತ್ತ ವಿದ್ಯಾರಣ್ಯಪುರಂ ಎಂಬ ಬಡಾವಣೆಯುಂಟು. ಮಾನಂದವಾಡಿ ರಸ್ತೆಯ ಆಸುಪಾಸಿನ ಈ ಪ್ರದೇಶವು ರೇಷ್ಮೆ ನೇಯ್ಗೆ, ಗಂಧದೆಣ್ಣೆಗಳ ಸರಕಾರಿ ಕಾರ್ಖಾನೆಗಳಿಂದ ಹೆಸರಾದುದು. ಇಂತಹ ಕಡೆಗಳಲ್ಲಿ ದೊಡ್ಡ ಕಾರ್ಖಾನೆಗಳ ಸುತ್ತ ಸಣ್ಣ ಕಸುಬುಗಳು ಬೆಳೆಯುವುದು ಸಹಜ. ಇಲ್ಲಿ ಊದುಬತ್ತಿ ಮಾಡಿಸಿ ಮಾರುವ ಹೆಣ್ಣುಮಗಳೊಬ್ಬಳು ಇರುವಳೆಂದು ಭಾವಿಸಿಕೊಳ್ಳಬಹುದು. ಅವಳಲ್ಲಿ ಅಡವಿಡಲು ನಿವೇಶನವಿಲ್ಲ. ಆದರೆ ಅಂಗಡಿಗಳಿಂದ ಅವಳ ಖಾತೆಗೆ ವಾರವಾರವೂ ಹಣ ಬರುತ್ತದೆ. ಬಿದಿರುಕಡ್ಡಿಗೂ ಜಿಗಟಿಗೂ ಸುಗಂಧಕ್ಕೂ ಬತ್ತಿ ಹೊಸೆಯುವವರ ಕೂಲಿಗೂ ತಪ್ಪದೆ ಹಣ ಹೋಗುತ್ತದೆ. ಹಬ್ಬದ ಕಾಲಕ್ಕೆ ಸರಕು ತುಂಬಲು ಮೂರು ಲಕ್ಷ ರೂಪಾಯಿ ಬೇಕಾದಾಗ, ಹಿಂದಿನ ಕ್ರಮದಲ್ಲಿ ಅವಳು ಪಾಸ್‌ಬುಕ್ಕಿನ ಹಾಳೆಗಳ ನಕಲು ಮಾಡಿಸಿ, ಮೊಹರು ಹಾಕಿಸಿ, ಬೇರೆ ಬೇರೆ ಬಾಗಿಲುಗಳಿಗೆ ಅಲೆಯಬೇಕಾಗಿತ್ತು. ಕೆಲವು ಸಂಸ್ಥೆಗಳು ಖಾತೆಯ ಗುಪ್ತಪದವನ್ನೇ ಕೇಳಿ ಪಡೆದು ಒಳಹೊಕ್ಕು ನೋಡುವ ಅಪಾಯಕರ ಪರಿಪಾಠವೂ ಹಲವು ದೇಶಗಳಲ್ಲಿ ಇತ್ತು. ಈಗ ದೂರವಾಣಿಯ ಮೇಲೆ ಕೊಟ್ಟ ಒಂದು ಸಮ್ಮತಿಯಿಂದ ಹನ್ನೆರಡು ತಿಂಗಳ ಲೆಕ್ಕವು ತಿದ್ದುಪಡಿಗೆ ಆಸ್ಪದವಿಲ್ಲದೆ ಸಾಲ ಕೊಡುವವನಿಗೆ ತಲುಪುವುದು. ಜಮೀನಿನ ಬದಲು ದುಡಿಮೆಯೇ ಜಾಮೀನಾಗಿ ನಿಲ್ಲುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅವಳ ಖಾತೆಯಿರುವ ಬ್ಯಾಂಕಿನಲ್ಲಿ ಈ ಲೆಕ್ಕವು ವರ್ಷಗಳಿಂದಲೂ ಇದ್ದಿತು. ಅದನ್ನು ಓದಿ, ಅವಳ ಯೋಗ್ಯತೆಯನ್ನು ತಿಳಿದು, ತಾನೇ ಮುಂದಾಗಿ ಸಾಲ ಕೊಡಲು ಆ ಬ್ಯಾಂಕಿಗೆ ಯಾವ ಅಡ್ಡಿಯೂ ಇರಲಿಲ್ಲ. ಹೊಸ ಪದ್ಧತಿಯಿಂದ ಬ್ಯಾಂಕು ಕಳೆದುಕೊಳ್ಳುವುದು ತಾನು ಬಳಸದೆ ಬಿಟ್ಟ ಅರಿವನ್ನು. ಆದುದರಿಂದ ಮುಂದೆ ಹೇಳುವ ಎಲ್ಲ ಆಯ್ಕೆಗಳಿಗೂ ಮೊದಲು ಬ್ಯಾಂಕು ಮಾಡಬೇಕಾದ ಕೆಲಸವೆಂದರೆ ತನ್ನ ಲೆಕ್ಕವನ್ನು ತಾನೇ ಓದಲು ಕಲಿಯುವುದು.

೪. ಬ್ಯಾಂಕುಗಳ ಮುಂದಿರುವ ಆಯ್ಕೆಗಳು

ಮೊದಲನೆಯ ಆಯ್ಕೆಯು ಕೊಡುವವನಾಗುವುದೋ, ಪಡೆಯುವವನಾಗುವುದೋ, ಎರಡೂ ಆಗುವುದೋ ಎಂಬುದು. ಇತರ ಬ್ಯಾಂಕುಗಳ ಲೆಕ್ಕವನ್ನು ಪಡೆದು ಅವುಗಳ ಒಳ್ಳೆಯ ಗಿರಾಕಿಗಳನ್ನು ಸೆಳೆಯುವುದು, ತನ್ನ ಲೆಕ್ಕವನ್ನು ಮಾತ್ರ ಬಿಗಿಹಿಡಿಯುವುದು, ಒಂದು ಬ್ಯಾಂಕಿಗೆ ಲಾಭಕರವಾಗಿ ತೋರಬಹುದು. ಎಲ್ಲರೂ ಹಾಗೆ ಮಾಡಿದರೆ ಪಡೆಯಲು ಲೆಕ್ಕವೇ ಇರುವುದಿಲ್ಲ. ಈ ಕಾರಣದಿಂದ ರಿಸರ್ವ್ ಬ್ಯಾಂಕು ೨೦೨೩ರಲ್ಲಿ, ತನ್ನ ನಿಯಂತ್ರಣಕ್ಕೆ ಒಳಪಟ್ಟ ಯಾವ ಸಂಸ್ಥೆಯು ಲೆಕ್ಕ ಪಡೆಯಲು ಈ ಜಾಲವನ್ನು ಸೇರುವುದೋ ಅದು, ತನ್ನಲ್ಲಿ ಅಂತಹ ಲೆಕ್ಕವಿದ್ದರೆ, ಕೊಡುವುದಕ್ಕೂ ಸೇರತಕ್ಕದ್ದೆಂದು ವಿಧಿಸಿತು. ಕೊಡು-ಕೊಳ್ಳುವಿಕೆಯ ಹಳೆಯ ನ್ಯಾಯವೇ ಇಲ್ಲಿ ಕಟ್ಟಳೆಯಾಗಿದೆ. ಆದರೆ ಈ ವಿಧಿಯು ಇನ್ನೊಂದು ಪಕ್ಷದ ಅಪಾಯವನ್ನು ನಿವಾರಿಸಲಾರದು. ಲೆಕ್ಕವನ್ನು ಕೊಡುತ್ತ ಪಡೆಯದೆ ಉಳಿದ ಬ್ಯಾಂಕಿನ ಒಳ್ಳೆಯ ಗಿರಾಕಿಗಳು ಕಡಿಮೆ ಬಡ್ಡಿಯನ್ನು ಅರಸಿ ಒಬ್ಬೊಬ್ಬರಾಗಿ ಹೊರಟುಹೋಗುವರು. ಬೇರೆಲ್ಲಿಯೂ ಸಾಲ ಹುಟ್ಟದವರು ಮಾತ್ರ ಅಲ್ಲಿ ಉಳಿಯುವರು. ಬ್ಯಾಂಕು ತಿಳಿಯುವ ಹೊತ್ತಿಗೆ ಅದರ ಸಾಲಗಳ ಗುಣವು ಕೆಟ್ಟಿರುವುದು. ಆದಕಾರಣ ಕೊಡಲು ಒಪ್ಪಿದ ಬ್ಯಾಂಕು ಪಡೆದು ಓದುವ ಸಾಮರ್ಥ್ಯವನ್ನೂ ಸಂಪಾದಿಸಲೇಬೇಕು.

ಎರಡನೆಯ ಆಯ್ಕೆಯು ಗಿರಾಕಿಯ ಎದುರು ನಿಲ್ಲುವವರು ಯಾರು ಎಂಬುದಕ್ಕೆ ಸಂಬಂಧಪಟ್ಟುದು. ಇದಕ್ಕೆ ಪಾವತಿಯ ಕ್ಷೇತ್ರವು ಸ್ಫುಟವಾದ ಪಾಠವನ್ನು ಒದಗಿಸಿದೆ. ಯುಪಿಐ ಎಂದು ಹೆಸರಾದ ಪಾವತಿ ವ್ಯವಸ್ಥೆಯು ೨೦೧೬ರಲ್ಲಿ ಪ್ರಾರಂಭವಾಯಿತು. ಅದರ ಹಣವು ಬಹುಮಟ್ಟಿಗೆ ಬ್ಯಾಂಕಿನ ಖಾತೆಯಿಂದ ಬ್ಯಾಂಕಿನ ಖಾತೆಗೆ ಹರಿಯುವುದು. ಹೀಗಿದ್ದರೂ ಜನರ ಕಣ್ಣಿಗೆ ಕಾಣುವುದು ಬ್ಯಾಂಕಲ್ಲ, ಬೆಂಗಳೂರಿನ ಫೋನ್‌ಪೇ, ಗೂಗಲ್ ಪೇ ಮುಂತಾದ ಸಂಸ್ಥೆಗಳ ಹೆಸರು. ಪಾವತಿಗಳ ಬಹುಭಾಗವು ಈ ಎರಡರ ಮೂಲಕವೇ ನಡೆಯುವುದು. ೨೦೨೩ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಒಂದು ತಿಂಗಳ ಪಾವತಿಗಳ ಸಂಖ್ಯೆಯು ಸಾವಿರ ಕೋಟಿಯನ್ನು ಮೀರಿತು. ೨೦೨೦ರ ಜನವರಿಯಿಂದ ವರ್ತಕರ ಮೇಲಿನ ಶುಲ್ಕವನ್ನು ರದ್ದು ಮಾಡಿದುದರಿಂದ, ಯಂತ್ರಗಳನ್ನು ನಡೆಸುವ ಖರ್ಚಿನ ದೊಡ್ಡ ಪಾಲು ಬ್ಯಾಂಕುಗಳಿಗೂ, ಗಿರಾಕಿಯ ಪರಿಚಯವು ಮುಂದೆ ನಿಂತವರಿಗೂ ದಕ್ಕಿತು. ತೇರನ್ನು ಎಳೆಯುವವರು ಒಬ್ಬರು, ತೇರಿನ ಮೇಲೆ ಕುಳಿತು ಹಣ್ಣು ಜವನಗಳನ್ನು ಪಡೆಯುವವರು ಇನ್ನೊಬ್ಬರು ಎಂಬಂತಾಯಿತು.

ಹಿಂದೆ ನಿಲ್ಲುವುದು ಸರ್ವಥಾ ತಪ್ಪೆಂದು ಮಾತ್ರ ಹೇಳಲಾಗದು. ಕೇರಳದ ಫೆಡರಲ್ ಬ್ಯಾಂಕು ಬೆಂಗಳೂರಿನ ಹೊಸ ಸಂಸ್ಥೆಗಳೊಡನೆ ೨೦೨೧ರ ಸುಮಾರಿನಲ್ಲಿ ಒಪ್ಪಂದ ಮಾಡಿಕೊಂಡು, ಅವುಗಳ ದೂರವಾಣಿ ತಂತ್ರಾಂಶದ ಹಿಂದೆ ತಾನು ನಿಂತು, ಶಾಖೆಗಳಿಲ್ಲದ ಊರುಗಳ ಯುವಜನರ ಠೇವಣಿಗಳನ್ನು ಪಡೆಯಿತು. ಆದರೆ ಇಂತಹ ಕೂಟದಲ್ಲಿ ಒಬ್ಬರ ಕಷ್ಟವು ಇನ್ನೊಬ್ಬರಿಗೂ ತಟ್ಟುವುದು. ೨೦೨೦ರ ಮಾರ್ಚ್ ೫ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ, ಪಾವತಿಗಾಗಿ ಅದನ್ನೇ ಅವಲಂಬಿಸಿದ್ದ ಫೋನ್‌ಪೇ ಸೇವೆಯೂ ಕೂಡಲೆ ನಿಂತುಹೋಗಿ, ಬೇರೆ ಬ್ಯಾಂಕಿನ ಆಸರೆಯನ್ನು ಪಡೆದ ಮೇಲೆ ಮತ್ತೆ ನಡೆಯಿತು. ಮುಂದೆ ನಿಂತವರೂ ಹಿಂದೆ ನಿಂತವರೂ ಪರಸ್ಪರ ಬಂಧಿತರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಹಿಂದೆ ನಿಲ್ಲಲು ಒಪ್ಪುವ ಬ್ಯಾಂಕು, ಗಿರಾಕಿಯ ಹೆಸರು ವಿಳಾಸಗಳೂ ಅವನ ದೂರುಗಳೂ ತನ್ನವರೆಗೆ ನೇರವಾಗಿ ಬರುವಂತೆ ಒಪ್ಪಂದದಲ್ಲಿಯೇ ವಿಧಿಸಿಕೊಳ್ಳುವುದು ವಿವೇಕ.

ಮೂರನೆಯದು ಬೆಲೆಯ ಪ್ರಶ್ನೆ. ಯೂರೋಪಿನ ನಿರ್ದೇಶವು ಬ್ಯಾಂಕಿನೊಡನೆ ಪ್ರತ್ಯೇಕ ಒಪ್ಪಂದವಿಲ್ಲದೆಯೇ ಮೂರನೆಯವರಿಗೆ ಪ್ರವೇಶ ಕೊಡಿಸಿತು. ಅಮೆರಿಕದಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕು ಲೆಕ್ಕ ಒಯ್ಯುವವರಿಂದ ಶುಲ್ಕ ವಸೂಲು ಮಾಡುವುದಾಗಿ ೨೦೨೫ರಲ್ಲಿ ಹೇಳಿದಾಗ ದೊಡ್ಡ ಚರ್ಚೆ ಎದ್ದಿತು. ಯಂತ್ರ ನಡೆಸುವ ವೆಚ್ಚವನ್ನು ಬ್ಯಾಂಕೇ ಏಕೆ ಹೊರಬೇಕೆಂಬುದು ಒಂದು ಪಕ್ಷ. ಗಿರಾಕಿಯ ಸ್ವತ್ತನ್ನು ಅವನು ಹೇಳಿದಲ್ಲಿಗೆ ಕಳುಹಿಸಲು ಸುಂಕವೇಕೆಂಬುದು ಇನ್ನೊಂದು. ಇವೆರಡರಲ್ಲಿಯೂ ನ್ಯಾಯವುಂಟು. ವೆಚ್ಚವನ್ನು ಮೀರದ ಶುಲ್ಕಕ್ಕೂ, ಪೈಪೋಟಿಯನ್ನು ತಡೆಯಲೆಂದೇ ಕಟ್ಟಿದ ಸುಂಕದ ಕಟ್ಟೆಗೂ ಇರುವ ಅಂತರವನ್ನು ಗುರುತಿಸುವುದೇ ನಿಯಂತ್ರಕರ ಕೆಲಸ. ಇಷ್ಟೇ ಮುಖ್ಯವಾದುದು, ಶುಲ್ಕವನ್ನು ಹಾಕದೆಯೂ ಬಾಗಿಲನ್ನು ಮುಚ್ಚಬಹುದೆಂಬುದು. ಯಂತ್ರವು ಪದೇ ಪದೇ ಕೆಡುವುದು, ಉತ್ತರವು ತಡವಾಗುವುದು, ಸಮ್ಮತಿಯ ಹೆಜ್ಜೆಗಳು ಅನಾವಶ್ಯಕವಾಗಿ ಹೆಚ್ಚುವುದು, ಇವೆಲ್ಲವೂ ಬಾಯಿಂದ ಹೂಂ ಎಂದು ಕೈಯಿಂದ ಇಲ್ಲವೆನ್ನುವ ವಿಧಾನಗಳು. ಇಂತಹ ಬ್ಯಾಂಕು ಕಟ್ಟಳೆಯನ್ನು ಪಾಲಿಸಿದಂತೆ ಕಾಣುವುದು; ತನ್ನ ಗಿರಾಕಿಗೆ ಹುಟ್ಟಬಹುದಾಗಿದ್ದ ಸಾಲವನ್ನು ಮಾತ್ರ ಹುಟ್ಟಗೊಡದು.

ನಾಲ್ಕನೆಯ ಆಯ್ಕೆಯು ಯಂತ್ರವನ್ನು ತಾನೇ ಕಟ್ಟುವುದೋ ಬಾಡಿಗೆಗೆ ಪಡೆಯುವುದೋ ಎಂಬುದು. ದೊಡ್ಡ ಬ್ಯಾಂಕಿಗೆ ಇದು ಅನುಕೂಲದ ಮಾತು. ಸಣ್ಣದಕ್ಕೆ ಅಳಿವು ಉಳಿವಿನ ಮಾತು. ಒಂದು ಪಟ್ಟಣದ ಸಹಕಾರಿ ಬ್ಯಾಂಕು ನೂರಾರು ಶಾಖೆಗಳ ಬ್ಯಾಂಕಿನಷ್ಟೇ ಭದ್ರವಾದ ಯಂತ್ರವನ್ನು ಸ್ವಂತವಾಗಿ ಇಡಲಾರದು. ಬಾಡಿಗೆಯ ಯಂತ್ರವನ್ನು ತಂದರೆ ಬಾಡಿಗೆದಾರನ ತಪ್ಪಿಗೂ ತಾನೇ ಗಿರಾಕಿಗೆ ಉತ್ತರವಾದಿ. ಇವೆರಡಕ್ಕೂ ಹೊರತಾದ ಮೂರನೆಯ ಮಾರ್ಗವೊಂದುಂಟು: ಹಲವು ಸಣ್ಣ ಬ್ಯಾಂಕುಗಳು ಸೇರಿ ಒಂದೇ ಯಂತ್ರವನ್ನು ಇಡುವುದು. ೧೯೦೫ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘವನ್ನು ಕಟ್ಟಿದ ನಾಡಿಗೆ ಈ ವಿಚಾರವು ಹೊಸದಲ್ಲ. ಅಂದು ಒಬ್ಬೊಬ್ಬ ರೈತನಿಗೆ ದೊರೆಯದ ಸಾಲವು ಹತ್ತು ಮಂದಿ ಕೂಡಿದಾಗ ದೊರೆಯಿತು. ಇಂದು ಒಂದೊಂದು ಬ್ಯಾಂಕಿಗೆ ನಿಲುಕದ ಯಂತ್ರವು ಹತ್ತು ಬ್ಯಾಂಕುಗಳು ಕೂಡಿದರೆ ನಿಲುಕಬಹುದು.

೫. ಸ್ಥಳದ ಪರಿಚಯವು ಎಲ್ಲಿ ಹೋಯಿತು?

ಈ ಆಯ್ಕೆಗಳನ್ನು ತೂಗುವಾಗ ಕನ್ನಡ ನಾಡಿನ ಬ್ಯಾಂಕುಗಳ ಈಚಿನ ಚರಿತ್ರೆಯನ್ನು ಮರೆಯಲಾಗದು. ಮೈಸೂರು ಬ್ಯಾಂಕು ೧೯೬೦ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಅಧೀನಸಂಸ್ಥೆಯಾಗಿ, ೨೦೧೭ರ ಏಪ್ರಿಲ್ ೧ರಂದು ಅದರಲ್ಲಿ ಲೀನವಾಯಿತು. ೨೦೧೯ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಡನೆಯೂ, ೨೦೨೦ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಡನೆಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಡನೆಯೂ ಸೇರಿಹೋದುವು. ಮೈಸೂರಿನಲ್ಲಿ ಪ್ರಧಾನ ಕಚೇರಿಯನ್ನು ಹೊಂದಿದ್ದ ಕಾವೇರಿ ಗ್ರಾಮೀಣ ಬ್ಯಾಂಕು ೨೦೧೯ರಲ್ಲಿ ಬಳ್ಳಾರಿಯ ಸಂಸ್ಥೆಯೊಡನೆ ಕೂಡಿತು. ೨೦೨೫ರ ಮೇ ತಿಂಗಳಿನಲ್ಲಿ ರಾಜ್ಯದ ಗ್ರಾಮೀಣ ಬ್ಯಾಂಕುಗಳೆಲ್ಲ ಒಂದಾದುವು. ಈ ವಿಲೀನಗಳಿಂದ ಬಂಡವಾಳದ ಬಲವು ಹೆಚ್ಚಿತೆಂಬುದು ನಿಜ. ಖಾತೆಗಳೂ ಪುಸ್ತಕಗಳೂ ಹೊಸ ಸಂಸ್ಥೆಗೆ ಅಂಕೆ ತಪ್ಪದಂತೆ ವರ್ಗವಾದುವು. ಆದರೆ ಪಿಗ್ಮಿ ಸಂಗ್ರಾಹಕನ ಮನಸ್ಸಿನಲ್ಲಿದ್ದ ಪರಿಚಯವು ಯಾವ ಪುಸ್ತಕದಲ್ಲಿಯೂ ಬರೆದುದಲ್ಲವಾದುದರಿಂದ ಅದು ವರ್ಗವಾಗುವಂತಿರಲಿಲ್ಲ. ಸಾಲದ ತೀರ್ಮಾನವು ಬೀದಿಯಿಂದ ದೂರ ಸರಿದಂತೆಲ್ಲ ಬರೆದ ಲೆಕ್ಕದ ಮೇಲಿನ ಅವಲಂಬನೆಯು ಹೆಚ್ಚಿತು.

ಬರೆದ ಲೆಕ್ಕವು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಬಲ್ಲುದು? ಇದಕ್ಕೆ ಕರ್ಣಾಟಕದ್ದೇ ಒಂದು ಪ್ರಯೋಗವುಂಟು. ರೈತರ ಪಹಣಿಗಳನ್ನು ಭೂಮಿ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸುವ ಕೆಲಸವು ಇಲ್ಲಿ ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿಯೇ ನಡೆಯಿತು. ಈ ದಾಖಲೆಗಳು ಮೊದಲೇ ಸಿದ್ಧವಾಗಿದ್ದುದರಿಂದ, ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವನ್ನು ಕಾಗದವಿಲ್ಲದೆ ಮಂಜೂರು ಮಾಡುವ ಪ್ರಯೋಗವನ್ನು ಕೈಗೊಂಡಾಗ, ಆಯ್ದ ರಾಜ್ಯಗಳಲ್ಲಿ ಕರ್ಣಾಟಕವೂ ಸೇರಿತು. ೨೦೨೩ರ ಆಗಸ್ಟ್‌ನಲ್ಲಿ ವಿಸ್ತಾರಗೊಂಡ ಈ ವ್ಯವಸ್ಥೆಗೆ ೨೦೨೪ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಸಭೆಯೊಂದರಲ್ಲಿ, ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಏಕೀಕೃತ ಸಾಲ ವ್ಯವಸ್ಥೆ ಎಂಬರ್ಥದ ಹೆಸರನ್ನು ಸೂಚಿಸಿದರು. ಇದರಿಂದ ತಿಳಿದುಬರುವುದೇನೆಂದರೆ, ಮುಕ್ತ ಲೆಕ್ಕದ ಫಲವು ದಾಖಲೆಯ ಶುದ್ಧಿಯನ್ನು ಅವಲಂಬಿಸಿರುವುದು. ಪಹಣಿಯಲ್ಲಿ ಹೆಸರಿರುವ ರೈತನಿಗೆ ದಾರಿ ಸುಗಮವಾಯಿತು. ಗೇಣಿಗೆ ಉಳುವವನೂ, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸೂ ಲೆಕ್ಕದೊಳಗೆ ಕಾಣದೆ ಹೋದರು. ಲೆಕ್ಕದಲ್ಲಿ ಇಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿವೇಚನೆಯನ್ನು ಬ್ಯಾಂಕು ಶಾಖೆಯ ಅಧಿಕಾರಿಗೆ ಉಳಿಸುವುದೋ ಇಲ್ಲವೋ ಎಂಬುದು ಐದನೆಯ ಆಯ್ಕೆ; ಬಹುಶಃ ಎಲ್ಲಕ್ಕಿಂತ ಭಾರವಾದುದು.

೬. ಸಮ್ಮತಿಯ ಮಾತು

ಇಡೀ ಪದ್ಧತಿಯ ಭಾರವು ಸಮ್ಮತಿ ಎಂಬ ಒಂದೇ ಕಂಬದ ಮೇಲೆ ನಿಂತಿರುವುದರಿಂದ, ಆ ಕಂಬದ ಗಟ್ಟಿತನವನ್ನು ಪರೀಕ್ಷಿಸುವುದು ಅವಶ್ಯಕ. ಇಲ್ಲಿ ಎರಡು ಶಂಕೆಗಳು ಏಳುತ್ತವೆ. ಮೊದಲನೆಯದು, ಸಮ್ಮತಿಯು ನಿಜವಾಗಿಯೂ ಸ್ವತಂತ್ರವೇ ಎಂಬುದು. ಒಳ್ಳೆಯ ಲೆಕ್ಕವುಳ್ಳವರೆಲ್ಲ ಅದನ್ನು ತೋರಿಸಿ ಕಡಿಮೆ ಬಡ್ಡಿಗೆ ಸಾಲ ಪಡೆಯತೊಡಗಿದರೆ, ತೋರಿಸಲು ಒಪ್ಪದವನ ಮೌನಕ್ಕೆ ಕೆಟ್ಟ ಅರ್ಥವು ಅಂಟಿಕೊಳ್ಳುವುದು. ಕಾಯಿಲೆಯ ಖರ್ಚನ್ನೋ ಮನೆಯ ಕಲಹವನ್ನೋ ಪರರಿಗೆ ತೋರಿಸಲು ನಾಚುವವನು ಮೋಸಗಾರನಂತೆ ಎಣಿಸಲ್ಪಡುವನು. ಇದಕ್ಕೆ ಪರಿಹಾರವು ಬ್ಯಾಂಕಿನ ಕೈಯಲ್ಲಿಯೇ ಉಂಟು: ಬೇಕಾದಷ್ಟನ್ನೇ ಕೇಳುವುದು, ಹಳೆಯ ರೀತಿಯ ಅರ್ಜಿಯ ಬಾಗಿಲನ್ನೂ ತೆರೆದಿಡುವುದು. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ತೋರಿಸದೆ ಇರುವ ಹಕ್ಕು ಉಳಿದರೆ ಮಾತ್ರ ತೋರಿಸುವ ಸಮ್ಮತಿಗೆ ಬೆಲೆಯುಂಟು.

ಎರಡನೆಯ ಶಂಕೆಯು ಭಾಷೆಗೆ ಸಂಬಂಧಪಟ್ಟುದು. ಅರ್ಥವಾಗದ ಬರಹದ ಕೆಳಗೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯಲ್ಲವೆಂಬುದನ್ನು ಹಳೆಯ ಸಾಲಪತ್ರಗಳ ಚರಿತ್ರೆಯು ಸಾಕಷ್ಟು ಕಲಿಸಿದೆ. ೨೦೨೩ರ ವೈಯಕ್ತಿಕ ಮಾಹಿತಿ ರಕ್ಷಣೆಯ ಶಾಸನವು, ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯೋ ಓದುವ ಆಯ್ಕೆಯನ್ನು ಪ್ರಜೆಗೆ ಕೊಡತಕ್ಕದ್ದೆಂದು ಹೇಳುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿವೆ. ಆದುದರಿಂದ ಕನ್ನಡದ ಸಮ್ಮತಿಪತ್ರವು ಬ್ಯಾಂಕಿನ ಔದಾರ್ಯವಲ್ಲ, ಕನ್ನಡಿಗನ ಹಕ್ಕು. ಆದರೆ ಲಿಪಿಯು ಕನ್ನಡವಾದ ಮಾತ್ರಕ್ಕೆ ಭಾಷೆಯು ಕನ್ನಡವಾಗದು. ‘ದತ್ತಾಂಶ ಪ್ರಾಪ್ತಿಯ ಆವರ್ತನ’ ಎಂದು ಬರೆದರೆ ಊದುಬತ್ತಿಯ ಕಸುಬಿನವಳಿಗೆ ಏನು ತಿಳಿಯಬೇಕು? ‘ನಿಮ್ಮ ಲೆಕ್ಕವನ್ನು ಎಷ್ಟು ಸಲ ನೋಡುತ್ತಾರೆ’ ಎಂದರೆ ತಿಳಿಯುವುದು. ‘ಹಿಂಪಡೆಯುವಿಕೆ’ ಎಂಬ ಒಂದೇ ಮಾತು ಹಣವನ್ನು ತೆಗೆಯುವುದಕ್ಕೂ ಸಮ್ಮತಿಯನ್ನು ರದ್ದು ಮಾಡುವುದಕ್ಕೂ ಬಳಕೆಯಾದರೆ, ಓದುವವನು ತನ್ನ ದುಡ್ಡು ಹೋಯಿತೆಂದು ಗಾಬರಿಗೊಳ್ಳುವನು. ಕೀರ್ದಿ, ಖಾತೆ, ಜಮಾ, ಖರ್ಚು, ಬಾಕಿ, ರುಜು, ಒಪ್ಪಿಗೆ ಎಂಬ ಮಾತುಗಳು ಪೇಟೆಯಲ್ಲಿ ಬಳಸಿ ನುಣುಪಾದುವು. ಇವುಗಳೊಳಗೆ ಕೆಲವು ಪಾರಸಿಯಿಂದಲೂ ಅರಬ್ಬಿಯಿಂದಲೂ ಬಂದುವಾದರೂ, ಇಂದು ಇವಕ್ಕಿಂತ ಕನ್ನಡವಾದ ಮಾತು ಬೇರಿಲ್ಲ. ಹೊಸ ಸಮ್ಮತಿಪತ್ರಗಳನ್ನು ಇಂತಹ ಮಾತುಗಳಿಂದ ಕಟ್ಟುವುದು ಬ್ಯಾಂಕಿನವರೂ ಭಾಷಾಜ್ಞರೂ ಕೂಡಿ ಮಾಡಬೇಕಾದ ಕಾರ್ಯ. ಪಂಡಿತರು ದೂರ ಉಳಿದರೆ ಅದನ್ನು ಯಂತ್ರಾನುವಾದವು ಮಾಡಿಮುಗಿಸುವುದು. ಓದಿ ತಿಳಿಯದೆ ಒಪ್ಪಿದವರು ಅದರ ಫಲವನ್ನು ಉ‌ಣ್ಣುವರು.

ಮೇಲಿನ ವಿವೇಚನೆಯಿಂದ ನಿಷ್ಪನ್ನವಾಗುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಲೆಕ್ಕವನ್ನು ಬಚ್ಚಿಡುವುದರಿಂದ ಗಿರಾಕಿಯನ್ನು ಉಳಿಸಿಕೊಳ್ಳುವ ಕಾಲವು ಕಳೆಯಿತು. ಬ್ಯಾಂಕಿಗೆ ಉಳಿದಿರುವ ಆಯ್ಕೆಗಳು ತನ್ನ ಲೆಕ್ಕವನ್ನು ತಾನೇ ಚೆನ್ನಾಗಿ ಓದುವುದು, ಕೊಟ್ಟಷ್ಟನ್ನೇ ಪಡೆಯಲೂ ಕಲಿಯುವುದು, ಗಿರಾಕಿಯ ಮುಖಪರಿಚಯವನ್ನು ಬೇರೆಯವರಿಗೆ ಪೂರ್ತಿಯಾಗಿ ಬಿಟ್ಟುಕೊಡದಿರುವುದು, ಒಂಟಿಯಾಗಿ ಆಗದುದನ್ನು ಕೂಡಿ ಮಾಡುವುದು, ಲೆಕ್ಕದಲ್ಲಿ ಕಾಣದವರಿಗಾಗಿ ಮನುಷ್ಯನ ವಿವೇಚನೆಗೆ ಎಡೆಗೊಡುವುದು ಇವೇ ಆಗಿವೆ. ಇವುಗಳೊಳಗೆ ಯಾವುದನ್ನು ಆರಿಸಿದರೂ ಸಮ್ಮತಿಯನ್ನು ತಿಳಿಗನ್ನಡದಲ್ಲಿ ಕೇಳುವ ಹೊಣೆಯು ತಪ್ಪದು. ಮೈಸೂರಿನ ಒಂದು ಬಡಾವಣೆಯ ಕಸುಬುದಾರಳು ತಾನು ಏನನ್ನು ತೋರಿಸುತ್ತಿರುವೆನು, ಯಾರಿಗೆ, ಎಷ್ಟು ದಿನ ಎಂಬುದನ್ನು ಅರಿತು ಒಪ್ಪಿದಳೆಂದಾಗ ಮಾತ್ರ ಆ ಲೆಕ್ಕದ ಕೀಲಿಕೈ ನಿಜವಾಗಿ ಅವಳ ಕೈಯಲ್ಲಿ ಇದೆಯೆನ್ನಬಹುದು.